ತಲೆಯ ಮೇಲೊಂದು ಅಟ್ಟ

ವಿಮಾನದಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ ಜನ ಮೋಡಗಳ ಬಗ್ಗೆ ಕೇಳುತ್ತಾರೆ. ನಾನು ಮೋಡ ನೋಡಿದ್ದು ಕಡಿಮೆ. ಹೆಚ್ಚು ನೋಡಿದ್ದು ಜನರ ಕಂಕುಳು. ಹತ್ತಿದವರೆಲ್ಲ ಎರಡೂ ಕೈ ಎತ್ತಿ ತಮ್ಮ ಪೆಟ್ಟಿಗೆಯನ್ನು ತಲೆಯ ಮೇಲಿನ ಗೂಡಿಗೆ ತುರುಕುತ್ತಿರುವಾಗ ಪಕ್ಕದಲ್ಲಿ ನಗುಮುಖದಿಂದ ನಿಂತಿರುವುದೇ ನನ್ನ ಉದ್ಯೋಗದ ದೊಡ್ಡ ಭಾಗವಾಗಿತ್ತು. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಸಮವಸ್ತ್ರ ತೊಡುವುದನ್ನು, ತುಟಿಗೆ ಬಣ್ಣ ಹಚ್ಚುವುದನ್ನು ಬೇಗ ಕಲಿಯುತ್ತಾರೆ. ಉಸಿರು ಬಿಗಿಹಿಡಿದುಕೊಂಡು ನಗುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅಂಥವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಮಂಗಳೂರಿನಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಒಬ್ಬರೇ ಸಾಕ್ಷಿ ಇರುವ ಘಟನೆಯನ್ನು ಸುಲಭದಲ್ಲಿ ನಂಬಬಾರದು ಎಂದು ನಮಗೆ ಕಲಿಸಿದ್ದರು. ಇಲ್ಲಿ ಬರೆಯುತ್ತಿರುವ ಸಾಕ್ಷಿ ನಾನೊಬ್ಬಳೇ. ದಿನಚರಿ ಬರೆಯುವ ಅಭ್ಯಾಸ ಉಂಟು, ಆದರೆ ಕಾಲು ಊದಿಸಿಕೊಂಡು ಮನೆಗೆ ಬಂದು ಬರೆದ ದಿನಚರಿಯಲ್ಲಿ ಏನಿರುತ್ತದೆ? ನಾನು ಹೇಳಹೊರಟಿರುವ ದಿನದ ಪುಟ ತೆರೆದು ನೋಡಿದೆ. "ಉಪ್ಪು ಮುಗಿಯಿತು" ಎಂದಷ್ಟೇ ಇದೆ. ಉಳಿದದ್ದೆಲ್ಲ ನೆನಪು. ನೆನಪಿನ ಸ್ವಭಾವ ನಿಮಗೂ ಗೊತ್ತಿರುತ್ತದೆ.

ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಅವು ಪ್ರಯಾಣಿಕರು ಕರೆಯುವುದರಲ್ಲೇ ತಿಳಿಯುತ್ತಿದ್ದವು. ತಿರುವನಂತಪುರದಲ್ಲಿ ಸೇರಿದಾಗ ನಾನು "ಮೋಳೇ" ಆಗಿದ್ದೆ, ಅಂದರೆ ಮಗಳು. ಆಮೇಲೆ ಬಹಳ ಕಾಲ "ಸಿಸ್ಟರೇ". ಕೊಚ್ಚಿಗೆ ವರ್ಗವಾದ ಮೇಲೆ "ಚೇಚ್ಚೀ" ಎಂದು ಅಕ್ಕನಾದೆ. ಕೊನೆಯ ವರ್ಷಗಳಲ್ಲಿ, ನನಗಿಂತ ಹಿರಿಯರಂತೆ ಕಾಣುತ್ತಿದ್ದ ಒಬ್ಬರು "ಅಮ್ಮಚ್ಚೀ" ಎಂದು ಕರೆದು ಅಜ್ಜಿ ಮಾಡಿದರು. ಅವರಿಗೆ ಆ ದಿನ ಚಹಾ ಸ್ವಲ್ಪ ತಡವಾಗಿ ಹೋಯಿತು. ಬೇಕೆಂದೇ ಮಾಡಿದೆನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ.

ಇನ್ನು ಆ ಗೂಡಿನ ಹೆಸರು. ತರಬೇತಿಯಲ್ಲಿ "ಓವರ್‌ಹೆಡ್ ಬಿನ್" ಎಂದು ಬಾಯಿಪಾಠ ಮಾಡಿಸಿದರು. ನನಗೆ ಬಿನ್ ಎಂದರೆ ಕಸದ ಬುಟ್ಟಿ. ತಲೆಯ ಮೇಲೆ ಕಸದ ಬುಟ್ಟಿ ಇಟ್ಟುಕೊಂಡು ಜನ ಹೇಗೆ ನೆಮ್ಮದಿಯಾಗಿ ಕೂರುತ್ತಾರೆ ಎಂದು ಆಶ್ಚರ್ಯವಾಗುತ್ತಿತ್ತು. ನಾನು ಕಾಸರಗೋಡಿನ ಕಡೆಯವಳು. ನಮ್ಮಲ್ಲಿ ಅಡುಗೆಕೋಣೆಯ ಮೇಲೆ, ಬೇಕೋ ಬೇಡವೋ ಎಂದು ತೀರ್ಮಾನವಾಗದ ಸಾಮಾನುಗಳನ್ನೆಲ್ಲ ಎತ್ತಿಡುವ ಜಾಗಕ್ಕೆ ಅಟ್ಟ ಎನ್ನುತ್ತಾರೆ. ವಿಮಾನದಲ್ಲಿ ನಡೆಯುತ್ತಿದ್ದದ್ದೂ ಅದೇ. ಹಾಗಾಗಿ ಮನಸ್ಸಿನೊಳಗೆ ನಾನು ಅದನ್ನು ಅಟ್ಟ ಎಂದೇ ಕರೆಯುತ್ತಿದ್ದೆ. ಕನ್ನಡದ ಸಹೋದ್ಯೋಗಿಗಳು ಸಿಕ್ಕಿದರೆ ಬಾಯಿಬಿಟ್ಟೂ ಹಾಗೆಯೇ ಹೇಳುತ್ತಿದ್ದೆ. ನಮ್ಮ ಕಡೆಯ ಮಲಯಾಳದಲ್ಲೂ ಆ ಜಾಗಕ್ಕೆ ಹೆಚ್ಚುಕಡಿಮೆ ಅದೇ ಹೆಸರು ಇರುವುದರಿಂದ ಈ ಪದದ ಮೇಲೆ ನನಗೆ ಎಂದೂ ಅನುಮಾನ ಬಂದಿರಲಿಲ್ಲ.

ಅಟ್ಟದ ಶಿಷ್ಟಾಚಾರ ದೊಡ್ಡದೇನಲ್ಲ. ಚಕ್ರದ ಪೆಟ್ಟಿಗೆಯನ್ನು ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಬದಿಗೆ ನಿಲ್ಲಿಸಬೇಕು. ಸಣ್ಣ ಚೀಲ ಮುಂದಿನ ಸೀಟಿನ ಕೆಳಗೆ, ನಿಮ್ಮ ಕಾಲಿನ ಹತ್ತಿರ. ತಲೆಯ ಮೇಲಿನ ಜಾಗ ನಿಮ್ಮ ಪಿತ್ರಾರ್ಜಿತವಲ್ಲ, ಹಿಂದಿನಿಂದ ಬರುವವರಿಗೂ ಪೆಟ್ಟಿಗೆ ಉಂಟು. ಇಷ್ಟೇ. ಇಷ್ಟನ್ನು ಹೇಳುವುದರಲ್ಲಿ ನನ್ನ ಕೂದಲು ಬೆಳ್ಳಗಾಯಿತು.

ನಾನು ಸೇರಿದ ಕಾಲದಲ್ಲಿ ಪೆಟ್ಟಿಗೆಗಳಿಗೆ ಚಕ್ರವಿರುತ್ತಿದ್ದದ್ದು ಅಪರೂಪ. ಜನ ತಮ್ಮ ಕೈಯಲ್ಲಿ ಎತ್ತಲಾಗುವಷ್ಟನ್ನೇ ತರುತ್ತಿದ್ದರು. ಚಕ್ರ ಬಂದ ಮೇಲೆ ಎಳೆಯಲಾಗುವಷ್ಟನ್ನು ತರತೊಡಗಿದರು. ಎಳೆದು ತಂದದ್ದನ್ನು ಎತ್ತಬೇಕಾದ ಕ್ಷಣ ಬಂದಾಗ ನಮ್ಮ ಮುಖ ನೋಡುತ್ತಿದ್ದರು.

ಒಮ್ಮೆ ಕೊಚ್ಚಿಯಲ್ಲಿ ಒಬ್ಬರು ಚೀಲದಲ್ಲಿ ಹಲಸು ತಂದಿದ್ದರು. ಹಣ್ಣನ್ನು ಮೇಲಿಡುವಂತಿಲ್ಲ ಎಂದೆ. ಅವರು ಶಾಂತವಾಗಿ, ಇದು ಹಣ್ಣಲ್ಲ ಚೇಚ್ಚೀ, ತರಕಾರಿ, ಪಲ್ಯಕ್ಕೆ, ಎಂದರು. ಬಗ್ಗಿ ಮೂಸಿದೆ. ಆಗ ಅದು ತರಕಾರಿಯೇ ಆಗಿತ್ತು. ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಹಣ್ಣಾಗಿತ್ತು. ಇಡೀ ವಿಮಾನಕ್ಕೆ ಅದು ಗೊತ್ತಾಗಿತ್ತು. ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೆಂದರೆ ಪ್ರತಿ ಸಲವೂ ಹಲಸು ಸ್ವಲ್ಪ ಬೆಳೆದಿದೆ. ಮೊದಲು ಹೇಳಿದಾಗ ಕೈಗೂಸಿನಷ್ಟಿತ್ತು, ಈಗ ಅದಕ್ಕೆ ಬೇರೆ ಟಿಕೆಟ್ಟೇ ಬೇಕಾದೀತು.

ಅಂಬಲಮುಗಳಿನ ತೈಲ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಎಂಜಿನಿಯರ್ ಜೇಬಿನಿಂದ ಅಳತೆಪಟ್ಟಿ ತೆಗೆದು, ತನ್ನ ಪೆಟ್ಟಿಗೆಯನ್ನೂ ಅಟ್ಟವನ್ನೂ ಅಳೆದು, ಲೆಕ್ಕದ ಪ್ರಕಾರ ಇದು ಹಿಡಿಸಲೇಬೇಕು ಎಂದು ಸಾಧಿಸಿದರು. ಹಿಡಿಸಿತು. ಮುಚ್ಚಳ ಮಾತ್ರ ಹಾಕಲಾಗಲಿಲ್ಲ. ಮುಚ್ಚಳ ಹಾಕದೆಯೂ ಹಾರಬಹುದಲ್ಲ ಎಂದು ಅವರು ಕೇಳಿದಾಗ, ಇವರ ಕಾರ್ಖಾನೆಯ ಕಡೆ ಸದ್ಯಕ್ಕೆ ಹೋಗುವುದು ಬೇಡ ಎಂದುಕೊಂಡೆ.

ಈಗ ಅನಘಾಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಅವಳ ಬಳಿಗೆ ಬರಲಿಕ್ಕೇ.

ಅನಘಾ ನನ್ನ ತಂಡಕ್ಕೆ ತರಬೇತಿಗೆ ಬಂದದ್ದು ನಾನು ನಿವೃತ್ತಳಾಗಲು ಸ್ವಲ್ಪವೇ ಸಮಯ ಉಳಿದಿದ್ದಾಗ. ಅವಳ ಅಪ್ಪ ಮೈಸೂರಿನವರು, ಬ್ಯಾಂಕಿನ ಮ್ಯಾನೇಜರ್. ಮನೆ ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಒಂದು ಫ್ಲಾಟ್. ಹುಡುಗಿ ಬೆಳೆದದ್ದೆಲ್ಲ ಕೇರಳದಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುತ್ತಿದ್ದಳು. ಚುರುಕು, ಎತ್ತರ, ಒಳ್ಳೆಯ ನಗು. ಒಂದೇ ಒಂದು ದೋಷವೆಂದರೆ ಯಾರಿಗೂ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಎಲ್ಲರನ್ನೂ ಅಂಕಲ್, ಆಂಟಿ ಎಂದು ಕರೆಯುತ್ತಿದ್ದಳು. ಅಂಕಲ್ ಎಂದ ಮೇಲೆ ಅವರ ಪೆಟ್ಟಿಗೆಗೆ ಜಾಗವಿಲ್ಲ ಎನ್ನುವುದು ಹೇಗೆ? "ನೋಕ್ಕಾಂ" ಎನ್ನುತ್ತಿದ್ದಳು. ನೋಡೋಣ ಎಂದರ್ಥ. ನೋಡೋಣ ಎಂದದ್ದನ್ನು ಮಲಯಾಳಿಗಳು ಆಗಲಿ ಎಂದೇ ತಿಳಿಯುತ್ತಾರೆ. ನಾವೂ ಹಾಗೆಯೇ.

ಅವಳ ಪ್ರೊಬೇಷನ್ ಮುಗಿಯಬೇಕಾದರೆ ಪರೀಕ್ಷಕರೊಬ್ಬರು ಅವಳೊಡನೆ ಹಾರಿ, ಕೆಲಸ ನೋಡಿ, ಒಪ್ಪಬೇಕಿತ್ತು. ಪರೀಕ್ಷಕರು ಕುರ್ಯನ್ ಸಾರ್. ಕೋಟ್ಟಯಂ ಕಡೆಯವರು. ನಗುವುದಕ್ಕೂ ಮೇಲಿನವರ ಅನುಮತಿ ಬೇಕು ಎಂಬಂತೆ ಇರುತ್ತಿದ್ದರು. ಮೊದಲ ಪರೀಕ್ಷೆಯಲ್ಲಿ ಅನಘಾ ಕಂಡಕಂಡವರ ಪೆಟ್ಟಿಗೆಗಳನ್ನು ನಮ್ಮದೇ ಸಾಮಾನಿನ ಅಟ್ಟಕ್ಕೆ ತುಂಬಿದಳು, ಆಮೇಲೆ ಅಡುಗೆಯ ಕಪಾಟಿಗೆ ತುಂಬಿದಳು, ಕೊನೆಗೆ ಯಾರದೋ ಮದುವೆಗೆ ಹೊರಟಿದ್ದ ಹಿತ್ತಾಳೆಯ ಕಾಲುದೀಪವೊಂದನ್ನು ಮಡಿಲಲ್ಲಿಟ್ಟುಕೊಂಡು ವಿಮಾನ ಇಳಿಯುವಾಗ ದೇವರ ಹಾಗೆ ಕುಳಿತಿದ್ದಳು. ಕುರ್ಯನ್ ಸಾರ್ ನನ್ನನ್ನು ಪಕ್ಕಕ್ಕೆ ಕರೆದು, ಇಲ್ಲ ಎನ್ನಲು ಬಾರದವಳನ್ನು ಬಾಗಿಲಲ್ಲಿ ನಿಲ್ಲಿಸಿದರೆ ವಿಮಾನ ಲಾರಿಯಾಗುತ್ತದೆ, ಇನ್ನೊಂದೇ ಒಂದು ಅವಕಾಶ, ಎಂದರು. ಅದರಲ್ಲೂ ಸೋತರೆ ಅನಘಾ ಮನೆಗೆ. ಅವಳ ಅಪ್ಪ ಆಗಲೇ ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಹೆಸರು ಬರೆಸಲು ಹೊರಟಿದ್ದರು. ಅವಳಿಗೆ ಬ್ಯಾಂಕು ಬೇಡವಾಗಿತ್ತು. ಅಪ್ಪನನ್ನು ಇಪ್ಪತ್ತು ವರ್ಷ ನೋಡಿದ್ದೇನಲ್ಲ ಆಂಟಿ, ಸಾಕು, ಎಂದು ಮಲಯಾಳದಲ್ಲಿ ಹೇಳುತ್ತ ಕಣ್ಣು ಒರೆಸಿಕೊಂಡಳು.

ನಾನು ಅವರ ಫ್ಲಾಟಿಗೆ ಹೋಗಿ ಅಭ್ಯಾಸ ಮಾಡಿಸಿದೆ. ಹತ್ತಿರದ ಮಾಲ್‌ನಿಂದ ಎರಡು ದೊಡ್ಡ ಚೀಲ ಹಿಡಿದುಕೊಂಡು ಬಂದು, ನಾನೇ ಪ್ರಯಾಣಿಕಳಾಗಿ ಜಗಳ ತೆಗೆದೆ. ಇಲ್ಲ ಅನ್ನು, ಎಂದೆ. ಅವಳು ನನ್ನ ಚೀಲಗಳನ್ನು ತೆಗೆದುಕೊಂಡು ಹೋಗಿ ಫ್ರಿಜ್ಜಿನ ಮೇಲಿಟ್ಟಳು. ಅವಳ ಅಮ್ಮ ನನಗೆ ಕಾಫಿ ಕೊಟ್ಟರು. ಅಭ್ಯಾಸ ಅಲ್ಲಿಗೆ ಮುಗಿಯಿತು.

ಎರಡನೆಯ ಪರೀಕ್ಷೆ ಒಂದು ಮಳೆಯ ಬೆಳಿಗ್ಗೆ. ತಿರುವನಂತಪುರದಿಂದ ಹೊರಟು ಕೊಚ್ಚಿಯಲ್ಲಿ ನಿಂತು ಬೆಂಗಳೂರಿಗೆ ಹೋಗುವ ವಿಮಾನ. ತಿರುವನಂತಪುರದಿಂದ ಕೊಚ್ಚಿಗೆ ಹಾರಾಟ ಎಷ್ಟು ಚಿಕ್ಕದೆಂದರೆ ಪೆಟ್ಟಿಗೆ ಮೇಲಿಡಲು ಹಿಡಿಯುವ ಹೊತ್ತು ಅದಕ್ಕಿಂತ ಹೆಚ್ಚು. ಪೊನ್ಮುಡಿ ಬೆಟ್ಟ ನೋಡಿಕೊಂಡು ಬಂದ ಒಂದು ತಂಡ ಒದ್ದೆ ಬೂಟು, ಒದ್ದೆ ಚೀಲಗಳೊಂದಿಗೆ ಹತ್ತಿತು. ಕುರ್ಯನ್ ಸಾರ್ ಹಿಂದೆ ಇಪ್ಪತ್ತೆರಡನೆಯ ಸಾಲಿನಲ್ಲಿ, ದಾರಿಯ ಪಕ್ಕದ ಸೀಟಿನಲ್ಲಿ ಪೆನ್ನು ಹಿಡಿದು ಕುಳಿತಿದ್ದರು.

ಹನ್ನೆರಡನೆಯ ಸಾಲಿನಲ್ಲಿ ಪಿಳ್ಳ ಎಂಬ ನಿವೃತ್ತರು ನಿಂತರು. ಬಿಳಿ ಮುಂಡು, ಒಂದು ಚಕ್ರದ ಪೆಟ್ಟಿಗೆ, ಹಗ್ಗ ಕಟ್ಟಿದ ರಟ್ಟಿನ ಡಬ್ಬ, ಒಂದು ಕೊಡೆ. ಮೂರೂ ತಮ್ಮ ತಲೆಯ ಮೇಲೇ ಇರಬೇಕು ಎಂದು ಅವರ ಪಟ್ಟು. ಅಲ್ಲಿ ಆಗಲೇ ತುಂಬಿತ್ತು. ಅನಘಾ "ನೋಕ್ಕಾಂ ಅಂಕಲ್" ಎಂದು ಬೆವರುತ್ತಿದ್ದಳು. ಹಿಂದೆ ಸಾಲು ಬಾಗಿಲು ದಾಟಿ ಮೆಟ್ಟಿಲ ಮೇಲೆ ಮಳೆಯಲ್ಲಿ ನಿಂತಿತ್ತು. ಹದಿನೆಂಟನೆಯ ಸಾಲಿನ ಮೇಲೆ ಖಾಲಿ ಇದ್ದದ್ದು ನನಗೆ ಕಂಡಿತು. ಯಾರಿಗೂ ತಿಳಿಯದ ಹಾಗೆ ಅವಳಿಗೆ ದಾರಿ ತೋರಿಸೋಣ ಎಂದು ಪಕ್ಕದಲ್ಲಿ ತೂರಿಕೊಂಡು ಹೋಗುತ್ತ ಕನ್ನಡದಲ್ಲಿ ಮೆಲ್ಲಗೆ ಹೇಳಿದೆ.

"ಹದಿನೆಂಟರ ಮೇಲೆ ಅಟ್ಟ ಉಂಟು ಮಾರಾಯ್ತಿ. ದೊಡ್ಡದು. ಕೈ ಹಾಕಿ ನೋಡು."

ನನಗೆ ಗೊತ್ತಿಲ್ಲದಿದ್ದ ಸಂಗತಿ ಇದು. ತೆಂಕಣ ಮಲಯಾಳದಲ್ಲಿ ಅಟ್ಟ ಎಂದರೆ ಜಿಗಣೆ. ನಮ್ಮ ಕಡೆ ಇಂಬಳ ಎನ್ನುತ್ತೇವಲ್ಲ, ಅದು. ಉಂಟು ಎನ್ನುವುದು ಅಲ್ಲಿ ಉಂಡು. ಇಷ್ಟು ವರ್ಷ ಕೇರಳದಲ್ಲಿದ್ದರೂ ಆ ಅರ್ಥ ನನ್ನ ಕಿವಿಗೆ ಬಿದ್ದಿರಲಿಲ್ಲ, ಯಾಕೆಂದರೆ ನಮ್ಮ ವಿಮಾನದಲ್ಲಿ ಜಿಗಣೆಗಳು ಹಾರುತ್ತಿರಲಿಲ್ಲ. ಫ್ಲಾಟಿನಿಂದ ಫ್ಲಾಟಿಗೆ ಬೆಳೆದ ಅನಘಾಳಿಗೆ ಅಟ್ಟ ಎಂಬ ಕನ್ನಡದ ಜಾಗವೇ ಗೊತ್ತಿರಲಿಲ್ಲ, ಅವಳೆದುರು ಆ ಪದ ಅದುವರೆಗೆ ನನ್ನ ಬಾಯಿಗೆ ಬಂದೂ ಇರಲಿಲ್ಲ. ಹಾಗಾಗಿ ಅವಳು ಕೇಳಿಸಿಕೊಂಡದ್ದು: ಹದಿನೆಂಟರ ಮೇಲೆ ಜಿಗಣೆ ಇದೆ, ದೊಡ್ಡದು, ಕೈ ಹಾಕಿ ನೋಡು.

"ಅಯ್ಯೋ, ಅಟ್ಟಯೋ? ಎವಿಡೆ?" ಜಿಗಣೆಯೇ, ಎಲ್ಲಿ, ಎಂದು ಅವಳು ಕೂಗಿದ್ದು ಪೈಲಟ್‌ವರೆಗೂ ಕೇಳಿಸಿತಂತೆ.

ಪಿಳ್ಳಯವರು ಮುಂಡನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದರು. ಪೊನ್ಮುಡಿಯ ತಂಡ ಸಾಲಾಗಿ ಬೂಟು ಬಿಚ್ಚಿತು. ಆ ಗಾಳಿಗಿಂತ ಹಲಸೇ ವಾಸಿಯಾಗಿತ್ತು. ಎಲ್ಲರೂ ಎದ್ದು ತಮ್ಮತಮ್ಮ ಪೆಟ್ಟಿಗೆ ಕೆಳಗಿಳಿಸಿ ಕೊಡವತೊಡಗಿದರು. "ಸಿಸ್ಟರೇ, ಉಪ್ಪುಂಡೋ?" ಎಂದು ಒಬ್ಬರು ಕೇಳಿದ್ದೇ ತಡ, ಮೂಲೆಮೂಲೆಯಿಂದ ಉಪ್ಪಿಗೆ ಕರೆ ಬಂತು. ಊಟದ ಜೊತೆ ಕೊಡುವ ಸಣ್ಣ ಉಪ್ಪಿನ ಪೊಟ್ಟಣಗಳು ಖಾಲಿಯಾದವು. ಒಬ್ಬ ಅಮ್ಮಚ್ಚಿ ತಮ್ಮ ಸಾಲಿನ ಸುತ್ತ ರಂಗೋಲಿ ಎಳೆದ ಹಾಗೆ ಉಪ್ಪು ಬಿಟ್ಟರು. ನೆಲದ ಮೇಲೆ ಬಿದ್ದಿದ್ದ ಯಾರದೋ ಕಪ್ಪು ಹೇರ್‌ಪಿನ್ನಿಗೆ ಮೂವರು ಸೇರಿ ಉಪ್ಪು ಸುರಿದರು. ಇತಿಹಾಸದ ವಿದ್ಯಾರ್ಥಿನಿಯಾಗಿ ಒಂದನ್ನು ಗಮನಿಸಿದೆ: ಹದಿನೆಂಟನೆಯ ಸಾಲಿನವರು ಜಿಗಣೆಯನ್ನು ಕಂಡಿರಲಿಲ್ಲ. ಇಪ್ಪತ್ತನೆಯ ಸಾಲಿನವರು ಕಂಡಿದ್ದರು. ಮುಂದೆ ಐದನೆಯ ಸಾಲಿನಲ್ಲಿ ಎರಡು ಕಂಡಿದ್ದವು.

ಅನಘಾ ನನ್ನ ತೋಳು ಹಿಡಿದು, ಎಲ್ಲಿ ಕಂಡಿರಿ ಆಂಟಿ, ಎಂದು ಪಿಸುಗುಟ್ಟಿದಳು.

"ಎಂತ ಕಂಡದ್ದು? ಅಟ್ಟ, ಅಟ್ಟ," ಎಂದು ತಲೆಯ ಮೇಲಿನ ಮುಚ್ಚಳ ತಟ್ಟಿ ತೋರಿಸಿದೆ. "ಇದು!"

ಅವಳ ಮುಖದ ಬಣ್ಣ ಹೋಯಿತು. ಇಬ್ಬರೂ ಹಿಂದೆ ನೋಡಿದೆವು. ಕುರ್ಯನ್ ಸಾರ್ ಬರೆಯುತ್ತಿದ್ದರು.

ಆಮೇಲೆ ನಾನು ಏನು ಹೇಳಿದೆ ಎಂಬುದರಲ್ಲಿ ನಮ್ಮಿಬ್ಬರ ನೆನಪೂ ಕೂಡುವುದಿಲ್ಲ. ಸ್ವಲ್ಪ ತಾಳು, ಜಿಗಣೆ ಸಿಕ್ಕಿತು, ಬಿಸಾಡಿದೆವು ಎಂದು ಹೇಳಿಬಿಡೋಣ ಎಂದು ನಾನು ಸೂಚಿಸಿದೆನಂತೆ. ನಾನು ಏನೂ ಹೇಳಲಿಲ್ಲ ಎಂದು ನನ್ನ ನೆನಪು. ನನ್ನ ಸ್ವಭಾವ ನೋಡಿದರೆ ಅವಳು ಹೇಳುವುದೇ ನಿಜವಿರಬೇಕು. ಅಷ್ಟರಲ್ಲಿ ಒಬ್ಬರು, ಇದೆಲ್ಲ ಈ ಬೆಟ್ಟದವರು ತಂದದ್ದು, ಇವರನ್ನು ಚೀಲ ಸಮೇತ ಇಳಿಸಿ, ಎಂದು ಶುರುಮಾಡಿದರು. ಹೌದು ಹೌದು ಎನ್ನುವವರೂ ಕೂಡಿಕೊಂಡರು. ಬರಿಗಾಲಲ್ಲಿ ನಿಂತಿದ್ದ ಪೊನ್ಮುಡಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅನಘಾ ನನ್ನ ಕೈ ಬಿಟ್ಟು ನೇರವಾಗಿ ಹೋಗಿ ಮೈಕು ತೆಗೆದುಕೊಂಡಳು. ಮಲಯಾಳದಲ್ಲಿ ಅವಳು ಹೇಳಿದ್ದರ ಸಾರ ಇಷ್ಟು. ವಿಮಾನದಲ್ಲಿ ಜಿಗಣೆ ಇಲ್ಲ. ಯಾರೂ ತಂದಿಲ್ಲ, ಯಾರನ್ನೂ ಇಳಿಸುವುದಿಲ್ಲ. ನಮ್ಮ ಮನೆಯ ಭಾಷೆಯಲ್ಲಿ ಅಟ್ಟ ಎಂದರೆ ಈ ಸಾಮಾನಿಡುವ ಜಾಗವಂತೆ. ನನಗೆ ನನ್ನ ಭಾಷೆ ಸರಿಯಾಗಿ ಬರುವುದಿಲ್ಲ, ಅದಕ್ಕೆ ನಿಮಗೆಲ್ಲ ತೊಂದರೆಯಾಯಿತು.

ಆಮೇಲೆ ನಕ್ಕರು ಎಂದು ನೆನಪು. ಬೇರೆ ಯಾವುದೋ ದಿನದ ನಗುವನ್ನು ಇಲ್ಲಿಗೆ ತಂದು ಜೋಡಿಸುತ್ತಿದ್ದೇನೋ ಎಂಬ ಗುಮಾನಿಯೂ ಇದೆ. ನಿಸ್ಸಂಶಯವಾಗಿ ನೆನಪಿರುವುದು ಮುಂದಿನದು. ಅಷ್ಟೂ ಜನ ಒಮ್ಮೆಲೇ ಪೆಟ್ಟಿಗೆ ಎತ್ತಿ ಮತ್ತೆ ತುರುಕಲು ಹೊರಟರು. ಅನಘಾ ಇನ್ನೂ ಮೈಕು ಹಿಡಿದಿದ್ದಳು.

"ಇಲ್ಲ," ಎಂದಳು. "ಯಾರೂ ಎತ್ತಬೇಡಿ. ನಾನು ಬರುತ್ತೇನೆ."

ಹೊಸಬರು ಇದನ್ನು ಗಮನಿಸಬೇಕು. ತುಂಬಿದ ಅಟ್ಟವನ್ನು ಒತ್ತಿ ಸರಿಮಾಡಲು ಆಗುವುದಿಲ್ಲ. ಒಮ್ಮೆ ಪೂರ್ತಿ ಖಾಲಿ ಮಾಡಿಸಬೇಕು. ಖಾಲಿ ಮಾಡಿ ಎಂದರೆ ಯಾವ ಪ್ರಯಾಣಿಕರೂ ಕೇಳುವುದಿಲ್ಲ. ನನ್ನ ಇಡೀ ಸೇವೆಯಲ್ಲಿ ಅಟ್ಟಗಳೆಲ್ಲ ಒಟ್ಟಿಗೆ ಖಾಲಿಯಾದದ್ದು ಆ ದಿನ ಮಾತ್ರ, ಅದೂ ಇಲ್ಲದ ಜಿಗಣೆಯ ದಯೆಯಿಂದ. ಅನಘಾ ಸಾಲು ಸಾಲಾಗಿ ಬಂದಳು. ಚಕ್ರದ ಪೆಟ್ಟಿಗೆಗಳು ಪುಸ್ತಕದ ಹಾಗೆ ನಿಂತವು. ಸಣ್ಣ ಚೀಲಗಳು ಕಾಲಿನ ಹತ್ತಿರ ಹೋದವು. ಪಿಳ್ಳಯವರ ಪೆಟ್ಟಿಗೆ ಮೇಲೆ, ಡಬ್ಬ ಸೀಟಿನ ಕೆಳಗೆ, ಕೊಡೆ ಅವರ ಕೈಯಲ್ಲಿ. ಮೋಳೇ, ಆ ಡಬ್ಬ ಮಾತ್ರ, ಎಂದು ಅವರು ರಾಗ ಎಳೆದರು. ಇಲ್ಲ ಅಂಕಲ್, ಎಂದು ಮುಂದಿನ ಸಾಲಿಗೆ ಹೋದಳು. ಅಂಕಲ್ ಎಂದೂ ಇಲ್ಲ ಎನ್ನಬಹುದು ಎಂಬುದು ಅವರಿಬ್ಬರಿಗೂ ಅದೇ ಹೊತ್ತಿನಲ್ಲಿ ತಿಳಿದಂತಿತ್ತು.

ಹೀಗೆ ಇಪ್ಪತ್ತೆರಡನೆಯ ಸಾಲಿಗೆ ಬಂದಳು. ಜಿಗಣೆಯ ಸುದ್ದಿ ಕೇಳಿ ಕುರ್ಯನ್ ಸಾರ್ ಕೂಡ ತಮ್ಮ ಪೆಟ್ಟಿಗೆಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡಿದ್ದರು. ಪುಟ್ಟ ಅಲಮಾರಿಯಂಥ ಪೆಟ್ಟಿಗೆ. ಅನಘಾ ಅದನ್ನು ನೋಡಿದಳು. ನಾನು ಮುಂದಿನಿಂದ ಕಣ್ಣಲ್ಲೇ ಬೇಡ ಬೇಡ ಎಂದೆ.

"ಸಾರ್, ಇದು ಮೇಲೆ ಹೋಗುವುದಿಲ್ಲ. ಕೆಳಗೆ ಲಗೇಜಿಗೆ ಕಳಿಸಬೇಕು."

"ನಾನು ಡ್ಯೂಟಿಯಲ್ಲಿದ್ದೇನೆ," ಎಂದರು ಕುರ್ಯನ್ ಸಾರ್.

"ನಾನೂ ಡ್ಯೂಟಿಯಲ್ಲಿದ್ದೇನೆ ಸಾರ್."

ಪೆಟ್ಟಿಗೆ ಹೋಯಿತು. ವಿಮಾನ ತಡವಾಗಿಯೇ ಹೊರಟಿತು. ಸ್ವಲ್ಪ ಹೊತ್ತಾದ ಮೇಲೆ ಕುರ್ಯನ್ ಸಾರ್ ಜೇಬುಗಳನ್ನೆಲ್ಲ ತಡವಿದರು. ಓದುವ ಕನ್ನಡಕ ಪೆಟ್ಟಿಗೆಯಲ್ಲಿತ್ತು. ಏನು ಬರೆದಿದ್ದೇನೆ ಎಂದು ಅವರಿಗೇ ಓದಲಾಗದು, ಮುಂದೆ ಬರೆಯಲೂ ಆಗದು. ಪೆಟ್ಟಿಗೆಗೆ ಬೆಂಗಳೂರಿನ ಚೀಟಿ ಅಂಟಿಸಿದ್ದರಿಂದ ಕೊಚ್ಚಿಯಲ್ಲೂ ಸಿಗಲಿಲ್ಲ. ಅಲ್ಲಿ ಹತ್ತಿದ ಐಟಿಯ ಕನ್ನಡದ ಹುಡುಗನೊಬ್ಬ ನೆಲ ನೋಡಿ, "ಏನ್ ಮೇಡಂ, ಫ್ಲೈಟಲ್ಲಿ ಉಪ್ಪಿನಕಾಯಿ ಹಾಕ್ತಿದ್ರಾ?" ಎಂದ. ನನಗೆ ನಗುವ ಮನಸ್ಸಿರಲಿಲ್ಲ. ಅನಘಾ ಬೆಂಗಳೂರಿನವರೆಗೂ ಟ್ರೇ ಹಿಡಿದು ಓಡಾಡಿದಳು. ಕುರ್ಯನ್ ಸಾರ್ ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಅವಳು ಚಹಾ ಕೊಟ್ಟಾಗಲೂ ತಿರುಗಲಿಲ್ಲ.

ಬೆಂಗಳೂರಿನಲ್ಲಿ ಕನ್ನಡಕ ಸಿಕ್ಕಿತು. ಅವರು ಅದನ್ನು ಒರೆಸಿ, ಹಾಕಿಕೊಂಡು, ತಾವು ಬರೆದದ್ದನ್ನೆಲ್ಲ ಓದಿದರು. ಓದುತ್ತ ಓದುತ್ತ ಅದನ್ನು ಗೀಟೆಳೆದು ಹೊಡೆದುಹಾಕಿದರು. ತಡವಾದದ್ದಕ್ಕೆ ಕಾರಣ ನಮೂದಿಸಬೇಕಿತ್ತು. ಮಳೆಗೆ, ಹಕ್ಕಿಗೆ, ಇಂಧನಕ್ಕೆ ಒಂದೊಂದು ಸಂಕೇತವಿದೆ. ಜಿಗಣೆಗೆ ಇರಲಿಲ್ಲ, ಕನ್ನಡಕ್ಕೂ ಇರಲಿಲ್ಲ. ಕೊನೆಗೆ "ಇತರೆ" ಎಂದು ಬರೆದರು. ಆಮೇಲೆ ತಲೆ ಎತ್ತದೆ, ಹುಡುಗಿ ಪಾಸು, ಎಂದರು. ಅನಘಾ ಅಲ್ಲೇ ಲಗೇಜಿನ ಗಾಡಿಯ ಮೇಲೆ ಕುಳಿತುಬಿಟ್ಟಳು.

ಮೇಲ್ವಿಚಾರಕಿ ಪಾಸಾಗಿಲ್ಲ, ಎಂದು ಅವರು ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಇಲ್ಲಿದ್ದೂ ನಿಮಗೆ ಮಲಯಾಳ ಅರ್ಧವೇ ಬರುವುದು. ಕಲಿಯಬೇಕು. ಕಲಿಸುವವರು ಯಾರು ಎಂದು ಕೇಳಿದೆ. ಅವರು ಪೆನ್ನಿನ ತುದಿಯಿಂದ ಗಾಡಿಯ ಕಡೆ ತೋರಿಸಿದರು. ಆಗ ಅವರು ನಕ್ಕರು ಎಂದು ಅನಘಾ ಹೇಳುತ್ತಾಳೆ. ನಾನು ನೋಡಲಿಲ್ಲ.

ನಿವೃತ್ತಿಗೆ ಮುಂಚಿನ ಕೆಲವು ಮಧ್ಯಾಹ್ನಗಳನ್ನು ನಾನು ಕೊಚ್ಚಿಯ ಕಚೇರಿಯ ಒಂದು ಕೋಣೆಯಲ್ಲಿ ಅವಳೆದುರು ಕುಳಿತು ಕಳೆದೆ. ತಿರುವನಂತಪುರದವರು ಏನನ್ನು ಏನೆನ್ನುತ್ತಾರೆ ಎಂದು ಬರೆದು, ಬಾಯಿಪಾಠ ಮಾಡಿ, ತಪ್ಪಿದರೆ ಮತ್ತೆ ಬರೆದೆ. ಒಂದು ದಿನ ತಲೆ ತೀರಾ ಸಿಡಿಯತೊಡಗಿತು. ಆಲುವದ ಕಡೆ ಹೋಗುವ ಮೆಟ್ರೋ ಹಿಡಿದು ಬೇಗ ಮನೆ ಸೇರುವ ಆಸೆಯೂ ಆಯಿತು. ಇವತ್ತಿಗೆ ಸಾಕು ಮಾರಾಯ್ತಿ, ನಾಳೆ ನೋಡೋಣ, ಬಿಟ್ಟುಬಿಡು, ಎಂದು ಎದ್ದು ನಿಂತೆ.

ಅನಘಾ ಪುಸ್ತಕದಿಂದ ಕಣ್ಣೆತ್ತಲಿಲ್ಲ.

"ಆಗಲ್ಲ ಆಂಟಿ," ಎಂದಳು. "ಕೂತ್ಕೊಳ್ಳಿ."

ನಾನು ಕೂತೆ.